ಸೇರಿಕೆಯ ಗೆರೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳಹೊರಟ ಗೃಹಿಣಿ ಮೊದಲು ಬಣ್ಣವನ್ನು ನೋಡುತ್ತಾಳೆ. ಆಮೇಲೆ ಜರಿ, ಬುಟ್ಟಾ, ಸೆರಗು. ಒಡಲಿನ ಬಣ್ಣವೂ ಅಂಚಿನ ಬಣ್ಣವೂ ಸಂಧಿಸುವ ಆ ಸಣ್ಣ ಗೆರೆಯ ಮೇಲೆ ಕಣ್ಣಿಡುವವರು ವಿರಳ. ನೇಕಾರನ ಕೈ ಪರೀಕ್ಷೆಗೆ ಒಳಗಾಗುವುದು ಮಾತ್ರ ಅಲ್ಲಿಯೇ.

ಸಾಧಾರಣ ಸೀರೆಯಲ್ಲಿ ಒಂದೇ ಲಾಳಿ ಈ ಕೊನೆಯಿಂದ ಆ ಕೊನೆಗೆ ಓಡುತ್ತದೆ. ಒಡಲಿನ ಹೊಕ್ಕು ಅಂಚಿನೊಳಕ್ಕೂ ನುಗ್ಗುವುದರಿಂದ ಅಂಚಿನ ಬಣ್ಣ ಬೆರಕೆಯಾಗಿ ಮಂಕಾಗುತ್ತದೆ. ಹಳೆಯ ಪದ್ಧತಿಯ ನೇಯ್ಗೆಯಲ್ಲಿ ಲಾಳಿಗಳು ಮೂರು: ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು. ಸಾಲುಸಾಲಿಗೂ ಒಡಲಿನ ಎಳೆ ಅಂಚಿನ ಎಳೆಯನ್ನು ತಬ್ಬಿ ಹಿಂದಿರುಗಬೇಕು. ಹಾಗಾದಾಗ ಹಸಿರು ಹಸಿರಾಗಿಯೇ, ಕೆಂಪು ಕೆಂಪಾಗಿಯೇ ಉಳಿಯುತ್ತದೆ. ನಡುವೆ ಎಲ್ಲಿಯೂ ಸೀಳು ಬೀಳುವುದಿಲ್ಲ. ಇದು ಒಬ್ಬರಿಂದ ಸಾಗುವ ಕೆಲಸವಲ್ಲ. ಮಗ್ಗದ ಮಗ್ಗುಲಲ್ಲಿ ಕುಳಿತು ಒಂದು ಲಾಳಿಯನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು.

ನೆರೆಯ ಚಳ್ಳಕೆರೆ ಹೆಸರಾಗಿರುವುದು ಕಂಬಳಿಗೆ. ಕುರಿಯ ಉಣ್ಣೆಯನ್ನು ನೂತು, ಹುಣಿಸೆ ಬೀಜದ ಗಂಜಿ ಕೊಟ್ಟು, ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗದಲ್ಲಿ ನೇಯುವ ಒರಟು ಬಟ್ಟೆ ಅದು. ಮಗ್ಗ ಕಿರಿದು, ಆದುದರಿಂದ ಅಗಲವಾದ ಕಂಬಳಿ ಬೇಕೆಂದರೆ ಪಟ್ಟಿಗೆ ಪಟ್ಟಿಯನ್ನು ಸೇರಿಸಿ ನಡುವೆ ಹೊಲಿಯಬೇಕು. ಅಲ್ಲಿಯೂ ಬಟ್ಟೆಯ ಬಾಳಿಕೆ ಆ ನಡುಗೆರೆಯನ್ನೇ ನಂಬಿರುತ್ತದೆ.

ಬಟ್ಟೆಯಲ್ಲಿ ಕಾಣುವ ಈ ನಿಯಮವನ್ನು ಮರದಲ್ಲಿಯೂ ಕಾಣಬಹುದು. ಗಿಟಾರ್ ವಾದ್ಯದ ಬೆನ್ನು ಸಾಮಾನ್ಯವಾಗಿ ಒಂದೇ ಹಲಗೆಯದಲ್ಲ. ಒಂದು ತುಂಡನ್ನು ತೆಳ್ಳಗೆ ಎರಡಾಗಿ ಸೀಳಿ, ಪುಸ್ತಕವನ್ನು ತೆರೆದಂತೆ ಬಿಡಿಸಿ, ನಡುವೆ ಅಂಟಿಸುತ್ತಾರೆ. ಕೂಡಿದ ಜಾಗಕ್ಕೆ ಒಳಗಡೆ ಒಂದು ಮರದ ಪಟ್ಟಿಯ ಆಸರೆ. ಹೊರಗಡೆ ಬಣ್ಣಬಣ್ಣದ ಮರದ ಚೂರುಗಳಿಂದ ಜೋಡಿಸಿದ ಚಿತ್ತಾರದ ಪಟ್ಟಿ. ನಮ್ಮ ಪಶ್ಚಿಮ ಘಟ್ಟಗಳ ಬೀಟೆಯೂ ಈ ಕೆಲಸಕ್ಕೆ ಬಹಳ ಬೇಕಾದ ಮರ. ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಾರ್ಖಾನೆ 1969ರಲ್ಲಿ ಬ್ರೆಜಿಲ್ ದೇಶದ ಬೀಟೆಗೆ ಬದಲಾಗಿ ಭಾರತದ ಬೀಟೆಯನ್ನು ಬಳಸತೊಡಗಿತು. ನುಡಿಸುವಾಗ ಆ ಚಿತ್ತಾರ ನುಡಿಸುವವನ ಎದೆಯ ಕಡೆಗೆ ಇರುತ್ತದೆ, ಕೇಳುವವರಿಗೆ ಕಾಣದು. ಆದರೂ ಕುಶಲಕರ್ಮಿ ಅದನ್ನು ಬಿಡುವುದಿಲ್ಲ.

ಮೊಳಕಾಲ್ಮೂರಿನ ನೇಕಾರನಿಗೂ ಆ ಗೆರೆಯನ್ನು ಬಿಡುವ ಮನಸ್ಸಿಲ್ಲ. ಅವನನ್ನು ಬಿಡುವಂತೆ ಮಾಡುವುದು ಲೆಕ್ಕಾಚಾರ. ಹಿಂದೆ ಕೈಮಗ್ಗದ ಮನೆಗಳಲ್ಲಿ ಬದಿಯ ಲಾಳಿ ಬಹುಮಟ್ಟಿಗೆ ಮಕ್ಕಳ ಪಾಲಿಗೆ ಬರುತ್ತಿತ್ತು. ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಬೇಕಾದುದೇ ಧರ್ಮ. ಆದರೆ ಅವರು ಬಿಟ್ಟೆದ್ದ ಜಾಗದಲ್ಲಿ ವಯಸ್ಕರೊಬ್ಬರು ಕುಳಿತರೆ ಅವರಿಗೆ ಕೂಲಿ ಸಲ್ಲಬೇಕು. ಆ ಕೂಲಿಯನ್ನು ಉಳಿಸಿದ ಒಂಟಿ ಲಾಳಿಯ ಸೀರೆಯೂ, ಯಂತ್ರಮಗ್ಗದ ಅನುಕರಣವೂ ಅಂಗಡಿಯಲ್ಲಿ ಅಗ್ಗವಾಗಿ ಪಕ್ಕದಲ್ಲಿಯೇ ಕುಳಿತಿರುತ್ತವೆ. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದು ಹೆಸರನ್ನು ಕಾಯಬಲ್ಲುದು; ಎರಡನೆಯ ಜೊತೆ ಕೈಗಳಿಗೆ ಕೂಲಿ ಕೊಡಲಾರದು. ಅದನ್ನು ಕೊಡಬೇಕಾದವರು ಕೊಳ್ಳುವವರೇ.

ಆದುದರಿಂದ ಮದುವೆಯ ಜವಳಿಗೆಂದು ಹೋದಾಗ ಸೀರೆಯ ಅಂಚನ್ನು ಒಮ್ಮೆ ಮಗುಚಿ ನೋಡುವುದು ಒಳ್ಳೆಯದು. ಅಂಚಿನ ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಒಂದೇ ಬಣ್ಣವಿದ್ದು, ಒಡಲನ್ನು ಸೇರುವಲ್ಲಿ ಎಳೆಗಳು ಒಂದನ್ನೊಂದು ಹಿಡಿದುಕೊಂಡಿದ್ದರೆ, ಆ ಮಗ್ಗದಲ್ಲಿ ಇಬ್ಬರು ಕುಳಿತಿದ್ದರೆಂದು ತಿಳಿಯಬಹುದು. ಬೆಲೆ ತುಸು ಹೆಚ್ಚೆನಿಸಿದರೆ, ಹೆಚ್ಚಾದುದು ಏತಕ್ಕೆಂಬುದು ಆ ಗೆರೆಯಲ್ಲಿಯೇ ಕಾಣುತ್ತದೆ.