ಕಂಪ್ಯೂಟರ್ ಕೊಳ್ಳುವಾಗ ತೂಗಿ ನೋಡಿದ್ದು

2024ರ ಮುಂಗಾರು. ಸಂಜೆ ಗುಡುಗು ಸಿಡಿಲಿನ ನಡುವೆ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡುತ್ತಿತ್ತು. ಮೂರನೇ ಸಲ ಬಂದಾಗ ನಮ್ಮ ಕಂಪ್ಯೂಟರಿನಿಂದ ಟಪ್ ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಕಲಘಟಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಡಿಟಿಪಿ ಮಾಡುವವಳು. ಮದುವೆ ಕಾರ್ಡು, ಬ್ಯಾಂಕಿನ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲಾ ಅದರಲ್ಲೇ. ಅವತ್ತು ಎರಡು ಮದುವೆಯ ಪ್ರೂಫ್ ಅದರೊಳಗೇ ಸಿಕ್ಕಿಬಿದ್ದವು.

ಹುಬ್ಬಳ್ಳಿಗೆ ಒಯ್ದು ಬಿಚ್ಚಿಸಿದೆವು. ರಿಪೇರಿಯವರು ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ತೆಗೆದು ನನ್ನ ಕೈಗೇ ಕೊಟ್ಟರು.

"ಹಿಡದು ನೋಡ್ರಿ ಅಕ್ಕಾರ. ತೂಕ ಅದ ಏನು?"

ಮೇಲೆ 500 ವ್ಯಾಟ್ ಅಂತ ದೊಡ್ಡ ಚೀಟಿ, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯ ಹಗುರ. ಒಳಗಿನ ಕೆಪ್ಯಾಸಿಟರ್‌ಗಳು ಪೂರಿಯ ಹಾಗೆ ಉಬ್ಬಿದ್ದವು. ಎಂಟುನೂರು ರೂಪಾಯಿಯ ಆ ಡಬ್ಬಿ ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರಕೊಂಡು ಹೋಗಿತ್ತು. ಹಾರ್ಡ್‌ಡಿಸ್ಕ್ ಉಳಿದದ್ದು ನಮ್ಮ ಪುಣ್ಯ. ಪ್ರೂಫ್ ಸಿಕ್ಕವು, ಮದುವೆ ಮನೆಯವರ ಮುಂದೆ ಮರ್ಯಾದೆ ಉಳಿಯಿತು.

ಹೊಸದಕ್ಕೆ ಸ್ವಸಹಾಯ ಸಂಘದಿಂದ ನಲವತ್ತು ಸಾವಿರ ಸಾಲ ತೆಗೆದೆ. ಕಂತು ಮುಗಿಯುವ ಮೊದಲೇ ಯಂತ್ರ ಮುಗಿಯಬಾರದು, ನನ್ನ ಲೆಕ್ಕ ಇಷ್ಟೇ. ಪಿಯುಸಿ ಓದುವ ಮಗನ ಲೆಕ್ಕ ಬೇರೆ ಇತ್ತು.

"ಅವ್ವಾ, ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟಿನ ಫ್ಯಾನ್, ಒಂದು ಗ್ರಾಫಿಕ್ಸ್ ಕಾರ್ಡ್. ಚಂದ ಕಾಣ್ತದ."

"ತಮ್ಮಾ, ಮದುವಿ ಕಾರ್ಡ್ ಟೈಪ್ ಮಾಡಾಕ ಲೈಟ್ ಯಾಕೋ?"

ಅಂಗಡಿಯಲ್ಲಿ ಜಗಳ ಬೇಡವೆಂದು ಬಸ್ಸಿನಲ್ಲೇ ಮುಗಿಸಿಕೊಂಡೆವು. ಪೂರ್ತಿ ಮುಗಿಯಲಿಲ್ಲ ಅನ್ನಿ.

ಮೊದಲು ಆರಿಸಿದ್ದು ಎಸ್‌ಎಂಪಿಎಸ್. ಸಾಮಾನ್ಯವಾಗಿ ಎಲ್ಲ ಕೊಂಡು ಉಳಿದ ದುಡ್ಡಿನಲ್ಲಿ ಕೊನೆಗೆ ಅದನ್ನು ಹಾಕಿಸುತ್ತಾರೆ, ನಾವೂ ಹಿಂದೆ ಮಾಡಿದ್ದು ಅದನ್ನೇ. ಈ ಸಲ ಐದು ವರ್ಷದ ವಾರಂಟಿ ಇದ್ದದ್ದನ್ನೇ ಕೇಳಿ ತೆಗೆದುಕೊಂಡೆ, ನಾಲ್ಕು ಸಾವಿರ. ಅದರ ಮೇಲೆ "80 ಪ್ಲಸ್" ಅಂತ ಮುದ್ರೆ ಇರುತ್ತದೆ. ಅದು ಕರೆಂಟು ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ, ಬಾಳಿಕೆಯನ್ನಲ್ಲ. ಬಾಳಿಕೆಗೆ ವಾರಂಟಿಯ ವರ್ಷ ನೋಡಬೇಕು. ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಕೆಪ್ಯಾಸಿಟರಿನ ಬಿಸಿ ಹತ್ತು ಡಿಗ್ರಿ ಇಳಿದರೆ ಅದರ ಆಯುಷ್ಯ ಸುಮಾರು ಇಮ್ಮಡಿ ಆಗುತ್ತದಂತೆ. ಅದಕ್ಕೇ ಹಿಂದುಗಡೆ ಒಂದು ಸಾದಾ ಫ್ಯಾನ್ ಹೆಚ್ಚಿಗೆ ಹಾಕಿಸಿದೆ.

ಕ್ಯಾಬಿನೆಟ್ ಹಳೆಯದೇ. 1995ರಲ್ಲಿ ಇಂಟೆಲ್ ಕಂಪನಿ ಮಾಡಿದ ಎಟಿಎಕ್ಸ್ ಅಳತೆ ಇಂದಿಗೂ ನಡೆದಿದೆ, ಹೊಸ ಬೋರ್ಡು ಹಳೆಯ ತೂತುಗಳಿಗೇ ಸರಿಯಾಗಿ ಕೂತಿತು. ನಮ್ಮೂರ ಬಣ್ಣದ ತೊಟ್ಟಿಲು ನೀವು ನೋಡಿರಬೇಕು. ಹಗ್ಗ ಸವೆದರೆ ಹಗ್ಗ ಬದಲಿಸುತ್ತಾರೆಯೇ ಹೊರತು ತೊಟ್ಟಿಲು ಬಿಸಾಡುವುದಿಲ್ಲ.

ಬೋರ್ಡು ಆರಿಸುವಾಗ ಮಗನ ಮಾತು ಕೇಳಿದೆ. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂದದ್ದು, ಅದಕ್ಕೆ 2024ರಲ್ಲೂ ಹೊಸ ಪ್ರೊಸೆಸರ್ ಬಿಟ್ಟರು. ಅದರ ನಂತರದ ಎಎಂ5 2022ರದು, 2027ರವರೆಗೂ ನಡೆಸುತ್ತೇವೆ ಅಂತ ಕಂಪನಿಯೇ ಹೇಳಿದೆ. ಮುಂದೆ ವೇಗ ಸಾಲದಾದರೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದು ಅಂತ ಎಎಂ5 ತೆಗೆದುಕೊಂಡೆವು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇರುವುದರಿಂದ ಬೇರೆ ಕಾರ್ಡು ಬೇಕಾಗಲಿಲ್ಲ. 16 ಜಿಬಿ ರ‍್ಯಾಮ್ ಒಂದೇ ಕಡ್ಡಿಯಲ್ಲಿ ಹಾಕಿಸಿ ಉಳಿದ ಜಾಗ ಖಾಲಿ ಬಿಟ್ಟೆವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಾಗ ಹಳೆಯ ಯಂತ್ರದವರು ಪರದಾಡಿದರು, ನಮಗೆ ಆ ತಲೆನೋವು ಬರಲಿಲ್ಲ. ಕೆಲಸಕ್ಕೆ ಹೊಸ ಎಸ್‌ಎಸ್‌ಡಿ, ನಕಲು ಇಡಲು ಹಳೆಯ ಹಾರ್ಡ್‌ಡಿಸ್ಕ್.

ಇಷ್ಟೆಲ್ಲ ಆದ ಮೇಲೆ ಎಲೆಕ್ಟ್ರಿಶಿಯನ್ ಬಂದು ಪ್ಲಗ್ ತಪಾಸಿ ನಕ್ಕುಬಿಟ್ಟ. ಮನೆಗೆ ಅರ್ಥಿಂಗೇ ಸರಿ ಇರಲಿಲ್ಲ! ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಹೊಸದಾಗಿ ಮಾಡಿಸಿದೆವು. ಅದಿಲ್ಲದೆ ಸರ್ಜ್ ತಡೆಯುವ ಪಟ್ಟಿಗೆ ಹೆಚ್ಚಿನ ಕರೆಂಟನ್ನು ಕಳಿಸಲು ದಾರಿಯೇ ಇರುವುದಿಲ್ಲ. ಒಂದು ಯುಪಿಎಸ್ ಕೂಡ ತಂದೆವು, ಫೈಲ್ ಉಳಿಸಿ ಬಂದ್ ಮಾಡುವಷ್ಟು ಹೊತ್ತು ಸಾಕಾಗುತ್ತದೆ. ಆದರೂ ಸಿಡಿಲು ಶುರುವಾದರೆ ನಾನು ಪ್ಲಗ್ ಕೀಳುತ್ತೇನೆ, ಇಂಟರ್ನೆಟ್ ವಾಯರನ್ನೂ. ಆ ವಾಯರಿನಿಂದಲೂ ಸಿಡಿಲು ಒಳಗೆ ಬರುತ್ತದೆ ಅನ್ನುವುದು ಬಹಳ ಮಂದಿಗೆ ನೆನಪಿರುವುದಿಲ್ಲ.

ಸಂಘದ ಕೊನೆಯ ಕಂತು ಹೋದ ತಿಂಗಳು ಕಟ್ಟಿದೆ. ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಇನ್ನೂ ಖಾಲಿ ಇದೆ. ರಜೆಯಲ್ಲಿ ದುಡಿದು ತಾನೇ ಹಾಕಿಸಿಕೊಳ್ಳುತ್ತಾನಂತೆ ನಮ್ಮ ರಾಯರು.