ಮಾವಿನ ಸಿಪ್ಪೆಗೂ ಬೆಲೆ ಬರಲಿ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸುತ್ತಲಿನ ಊರುಗಳಲ್ಲಿ ಅಡಿಕೆಯದೇ ಮಾತು. ಆದರೂ ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಮಾವಿನ ಸೀಕರಣೆ. ಸಿಪ್ಪೆ, ಓಟೆ ಮಾತ್ರ ತಿಪ್ಪೆಗೆ.

ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೀಗೆಯೇ ಹೋಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಸಪುರಿ, ಬಾದಾಮಿ ಸಿಪ್ಪೆಗಳನ್ನೇ ಪರೀಕ್ಷಿಸಿದಾಗ ಅವುಗಳಲ್ಲಿ ನಾರು, ಪಾಲಿಫಿನಾಲ್, ಕೆರೊಟಿನಾಯ್ಡ್‌ಗಳು ಧಾರಾಳವಾಗಿ ಕಂಡವು. 2008ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಸಿಪ್ಪೆ ಒಣಗಿಸಿ, ಪುಡಿ ಮಾಡಿ, ಬಿಸ್ಕತ್ತಿನ ಹಿಟ್ಟಿಗೆ ಬೆರೆಸಿದ್ದರು. ಶೇ 10ರಷ್ಟು ಬೆರೆಸಿದರೂ ಮಾವಿನ ಘಮದ, ತಿನ್ನಲು ಹಿತವಾದ ಬಿಸ್ಕತ್ತೇ ಸಿಕ್ಕಿತು. ಓಟೆಯೊಳಗಿನ ತಿರುಳಿನ ಕೊಬ್ಬಂತೂ ಚಾಕೊಲೇಟ್ ಉದ್ಯಮದಲ್ಲಿ ಕೋಕೋ ಬೆಣ್ಣೆಗೆ ಬದಲಿಯಾಗಿ ಬಳಕೆಯಲ್ಲಿದೆ.

ಹೀರೇಕಾಯಿ ಸಿಪ್ಪೆಯಲ್ಲಿ ಚಟ್ನಿ ಅರೆಯುವ ನಾಡಿಗೆ ಇದು ಹೊಸ ಪಾಠವೇನಲ್ಲ.

ಆದರೆ ಔಷಧಿ ಹೊಡೆದ ಹಣ್ಣಿನ ಸಿಪ್ಪೆಯಲ್ಲಿ ವಿಷದ ಅಂಶ ಉಳಿದಿರಬಹುದು, ಸೊನೆ ಕೆಲವರ ಚರ್ಮಕ್ಕೆ ಆಗದು. ಹಾಗಾಗಿ ತೊಳೆಯುವ, ಪರೀಕ್ಷಿಸುವ ವ್ಯವಸ್ಥೆ ಬೇಕೇ ಬೇಕು. ಸರ್ಕಾರ ಚನ್ನಗಿರಿಯಂಥ ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳಿಗೆ ಒಣಗಿಸುವ ಯಂತ್ರ, ತರಬೇತಿ ಎರಡನ್ನೂ ಕೊಡಬೇಕು. ಮುಂದಿನ ಮಾವಿನ ಸುಗ್ಗಿಗೆ ಮುಂಚೆಯೇ ತೋಟಗಾರಿಕೆ ಇಲಾಖೆ ಈ ಕೆಲಸಕ್ಕೆ ಕೈಹಾಕಲಿ.