ಹತ್ತರ ಗೆರೆಯಾಚೆಯ ಬಾಣಂತಿ

ಬಾಣಂತಿ ತಣ್ಣೀರು ಮುಟ್ಟಬಾರದು ಎನ್ನುವ ಊರು ನಮ್ಮದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಊಟಕ್ಕೆ ಮೆಣಸಿನ ಸಾರು, ಮೈಗೆ ಹಂಡೆಗಟ್ಟಲೆ ಬಿಸಿನೀರು. ಅದೇ ರಾಮನಗರದ ನಮ್ಮ ಬೀದಿಯಲ್ಲಿ, ಹೆತ್ತು ತಿಂಗಳು ತುಂಬದ ಹೆಂಗಸೊಬ್ಬಳು ರೇಷ್ಮೆ ರೀಲಿಂಗ್ ಘಟಕಕ್ಕೆ ಮರಳಿದ್ದನ್ನು ನಾನು ಕಂಡಿದ್ದೇನೆ. ಗೂಡು ಬೇಯುವ ನೀರಿಗೆ ಕೈಯಿಟ್ಟು ಎಳೆ ಹುಡುಕುತ್ತಿದ್ದಳು. ಅವಳ ಪಾಲಿನ ಬಿಸಿನೀರು ಅದೇ.

ಕಾನೂನು ಇಲ್ಲವೇ? ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲೆರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೇರಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಹತ್ತು ಜನರಿಲ್ಲದ ಅಂಗಡಿಗೆ, ಘಟಕಕ್ಕೆ ಅದು ಅನ್ವಯಿಸುವುದಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಗೆರೆಯನ್ನು ಅಳಿಸಲಿಲ್ಲ. ನಾಲ್ಕೈದು ಜನರ ರೀಲಿಂಗ್ ಘಟಕದವಳು, ಚನ್ನಪಟ್ಟಣದಲ್ಲಿ ಮನೆಯಲ್ಲೇ ಕೂತು ಗೊಂಬೆ ಕೆಲಸ ಮಾಡುವವಳು, ಕನಕಪುರ, ಮಾಗಡಿಯ ಹೊಲಗಳಲ್ಲಿ ಕೂಲಿಗೆ ಹೋಗುವವಳು, ಎಲ್ಲರೂ ಗೆರೆಯ ಆಚೆಗೆ. ಮೊದಲು ಹಾಜರಿ ಪುಸ್ತಕ ಎಣಿಸಿ ಆಮೇಲೆ ತಾಯಿಯನ್ನು ನೋಡುವ ಕಾನೂನಿದು.

ಅವರಿಗೆ ಮಾತೃವಂದನಾ ಯೋಜನೆ ಇದೆಯಲ್ಲ ಎನ್ನುತ್ತಾರೆ. 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ರೂಪಾಯಿ ಎಂದಿತು. ಈ ಯೋಜನೆ ಮೊದಲ ಮಗುವಿಗೆ ಕೊಡುವುದು 5,000, ಅದೂ ಕಂತಿನಲ್ಲಿ. ಹೆರಿಗೆಯ ನಂತರದ 42 ದಿನಕ್ಕೆ ಹಂಚಿದರೆ ದಿನಕ್ಕೆ 119 ರೂಪಾಯಿ. ಎರಡನೆಯ ಮಗುವಿಗೆ 6,000 ಸಿಗುತ್ತದೆ, ಅದು ಹೆಣ್ಣಾದರೆ ಮಾತ್ರ. ಗಂಡು ಹೆತ್ತವಳ ಹೊಲಿಗೆ ಬೇಗ ಮಾಯುತ್ತದೆಯೇ?

ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸಿನ ತೂಕ ನೋಡುತ್ತಾಳೆ, ಒಳ್ಳೆಯದೇ. ಆದರೆ ರಕ್ತ ಬತ್ತಿದ ತಾಯಿಗೆ ವಿಶ್ರಾಂತಿ ಬೇಕೆಂದು ಹೇಳಿದರೆ, ಆ ವಿಶ್ರಾಂತಿಯ ಕೂಲಿ ಕೊಡುವವರಾರು? ರಾತ್ರಿಯೆಲ್ಲ ಸುಮ್ಮನೆ ಅಳುವವಳನ್ನು 'ಬಾಣಂತಿ ಸನ್ನಿ' ಎಂದು ಮೂಲೆಗೆ ಕೂರಿಸದೆ ವೈದ್ಯರ ಬಳಿ ಕರೆದೊಯ್ಯುವವರಾರು?

ಸಣ್ಣ ರೀಲರ್ ಎಲ್ಲಿಂದ ಕೊಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವನ ತಲೆಗೆ ಕಟ್ಟಬೇಡಿ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ಸೆಸ್ ಹಾಕಿ, ನೋಂದಾಯಿತ ಕಾರ್ಮಿಕ ಮಹಿಳೆಗೆ ಹೆರಿಗೆ ಸಹಾಯಧನ ಕೊಡುವ ಮಂಡಳಿ ಕರ್ನಾಟಕದಲ್ಲೇ ಇದೆ. ರೇಷ್ಮೆಗೂ, ಗೊಂಬೆಗೂ, ಹೊಲದ ಕೂಲಿಗೂ ಅಂಥದೊಂದು ನಿಧಿ ಏಕಾಗದು? ಕನಿಷ್ಠ ಆರು ವಾರಕ್ಕೆ ಕನಿಷ್ಠ ವೇತನ, ತಾಯಿಯ ದೇಹ, ಮನಸ್ಸು ಎರಡಕ್ಕೂ ಮನೆಬಾಗಿಲಲ್ಲಿ ತಪಾಸಣೆ. ಇಷ್ಟನ್ನು ರಾಜ್ಯವೇ ಕಾಯ್ದೆಯಾಗಿ ಬರೆಯಲಿ.

2025ರಲ್ಲಿ ಈ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂಬ ಹೆಸರಿಡಲು ಸಚಿವ ಸಂಪುಟಕ್ಕೆ ಪುರುಸೊತ್ತು ಸಿಕ್ಕಿತು. ಬಾಣಂತಿಯ 42 ದಿನಗಳ ಬಗ್ಗೆ ಕೂರಲು ಯಾವಾಗ ಸಿಗುತ್ತದೆ?